ಆರಿಸಿದ ಶುಂಠಿಯನ್ನೇ ಆರಿಸಿದ ದಿನ

ಮಟ್ಟಾಂಚೇರಿಯ ಬಜಾರನ್ನು ಉದ್ಧಾರ ಮಾಡಿದರೆಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಆ ಬೀದಿಯಲ್ಲೇ ಇದ್ದೆವು. ನನ್ನ ಗಂಡನಿಗೆ ವಿಲ್ಲಿಂಗ್ಡನ್ ಐಲ್ಯಾಂಡಿನ ಕಸ್ಟಮ್ಸ್ ಕಚೇರಿಯಲ್ಲಿ ಗುಮಾಸ್ತಿಕೆ. ಮನೆ ಒಂದು ಶುಂಠಿ ಗೋದಾಮಿನ ಮಹಡಿ. ಕಾಸರಗೋಡಿನಿಂದ ಮದುವೆಯಾಗಿ ಬಂದ ನನಗೆ ಅಲ್ಲಿ ಮೊದಲು ಸಿಕ್ಕ ಗೆಳತಿ, ಕೆಳಗಿನ ಜಗಲಿಯಲ್ಲಿ ಶುಂಠಿ ಆರಿಸುವ ಹೆಂಗಸರ ಹಿರಿಯಳು. ಅಕ್ಕ ಎನ್ನುವಂತೆ ಅವಳನ್ನು ಚೇಚಿ ಎನ್ನುತ್ತಿದ್ದೆ.

ದೋಣಿಯಿಂದ ಇಳಿದ ಒಣಶುಂಠಿಯನ್ನು ಅವರು ಹಿನ್ನೀರಿನ ಗಾಳಿಗೆ ಬೆನ್ನು ಕೊಟ್ಟು ಕೂತು ಕೇರಿ, ಕಸಕಡ್ಡಿ ಹೆಕ್ಕುತ್ತಿದ್ದರು. ದೂಳು ರಸ್ತೆಗೆ ಹಾರಿಹೋಗುತ್ತಿತ್ತು, ಇಡೀ ಬೀದಿ ಸೀನುತ್ತಿತ್ತು. ನನ್ನ ಬಾಣಂತನಕ್ಕೆ ಊರಿನಿಂದ ಯಾರೂ ಬರಲಾಗದಾಗ, ಕೆಲಸದ ನಡುವೆ ಮೆಟ್ಟಿಲು ಹತ್ತಿ ಬಂದು ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದವಳು ಚೇಚಿಯೇ. ಅವಳ ಕೈಯಿಂದ ಶುಂಠಿಯ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ವ್ಯಾಪಾರವೆಲ್ಲ ಎರ್ನಾಕುಳಂ ಕಡೆ ಜಾರುತ್ತಿತ್ತು. ಗೋದಾಮುಗಳಿಗೆ ಒಂದೊಂದಾಗಿ ಬೀಗ ಬೀಳತೊಡಗಿದಾಗ, ನಮ್ಮ ಮನೆಯ ಮಾಲೀಕರೂ ಸೇರಿ ವರ್ತಕರು ಸಮಿತಿ ಕಟ್ಟಿಕೊಂಡು ತಿರುವನಂತಪುರಕ್ಕೆ ಓಡಾಡಿದರು. ದೀಪದ ಕಂಬ ಬಂತು, ಗೋಡೆಗಳಿಗೆ ಸುಣ್ಣ ಬಂತು. ನನಗೂ ಸಂತೋಷವೇ ಆಗಿತ್ತು. ಆಮೇಲೆ ಅವರ ಕಣ್ಣು ಜಗಲಿಯ ಮೇಲೆ ಬಿತ್ತು. ದೂಳಿದ್ದರೆ ಗಿರಾಕಿಗಳು ಬರುವುದಿಲ್ಲವಂತೆ, ಜಗಲಿಗೆ ಗಾಜು ಹಾಕಿಸಿ ಅಂಗಡಿ ಮಾಡಬೇಕಂತೆ, ಶುಂಠಿ ಆರಿಸುವುದು ಇನ್ನು ಆಲುವದ ಹೊಸ ಶೆಡ್ಡಿನಲ್ಲಂತೆ. ಮನೆಯಲ್ಲಿ ಮಕ್ಕಳನ್ನೂ ಮುದುಕರನ್ನೂ ಬಿಟ್ಟು, ದೋಣಿ ಬಸ್ಸು ಹತ್ತಿಳಿದು ಈ ಹೆಂಗಸರು ಆಲುವಕ್ಕೆ ಹೋಗುವುದು ಹೇಗೆಂದು ಮಾಲೀಕರನ್ನೇ ಕೇಳಿದೆ. ಊರು ಉದ್ಧಾರವಾಗಬೇಕಾದರೆ ಸ್ವಲ್ಪ ಕಷ್ಟ ಸಹಿಸಬೇಕು ಎಂದರು. ಸಹಿಸಬೇಕಾದವರು ಅವರಲ್ಲವಲ್ಲ!

ಇಷ್ಟಾದ ಮೇಲೂ ಉದ್ಘಾಟನೆಯ ದಿನ ಅದೇ ಹೆಂಗಸರನ್ನು ಕರೆಸಿದರು. ಹಳೆಯ ಬಜಾರಿನ ಕಸುಬನ್ನು ಅತಿಥಿಗಳು ನೋಡಬೇಕಿತ್ತು. ಗಾಜು ಇನ್ನೂ ಕೂರಿಸಿರಲಿಲ್ಲ. ಹೆಂಗಸರಿಗೆಲ್ಲ ಹೊಸ ಮುಂಡು ಉಡಿಸಿ, ಹೊಸ ಮೊರ ಕೊಟ್ಟು, ಅತಿಥಿಗಳ ಬಟ್ಟೆಗೆ ದೂಳು ತಾಗದಿರಲೆಂದು ಹಡಗಿಗೆ ಸಿದ್ಧವಾಗಿದ್ದ ಶುಂಠಿಯನ್ನೇ ಸುರಿದರು. ಆರಿಸಿದ್ದನ್ನೇ ಆರಿಸಬೇಕು! ಮೊರದಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ಅಲ್ಲಿಯವರೆಗೆ ಅಷ್ಟು ನಾಚಿಕೆಗೆಟ್ಟ ಕೆಲಸವನ್ನು ನಾನು ಕಂಡಿರಲಿಲ್ಲ. ಚೇಚಿ ಬಂದದ್ದು ಒಂದೇ ಆಸೆಯಿಂದ: ಉದ್ಘಾಟನೆಗೆ ಬರುವ ದೊಡ್ಡ ಅಧಿಕಾರಿಯ ಎದುರೇ ಜಗಲಿಯನ್ನು ಕೇಳಿಬಿಡಬೇಕು.

ತಿರುವನಂತಪುರದಿಂದ ಬಂದ ಆ ಸಾಹೇಬರು ಉತ್ತರದ ಕಡೆಯವರು, ಮಲಯಾಳ ಬಾರದು. ಕಾಲೇಜು ಓದಿದ ಹೆಂಗಸೆಂದು, ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನನ್ನನ್ನು ಚೇಚಿಯ ಪಕ್ಕ ನಿಲ್ಲಿಸಿದ್ದರು. ಎಷ್ಟು ಕಾಲದಿಂದ ಈ ಕೆಲಸ ಎಂದು ಸಾಹೇಬರು ಕೇಳಿದರು. ಚೇಚಿ ಹೇಳಿದ್ದನ್ನು, ಮಗಳೇ ಎನ್ನುವ ಅವಳ ‘ಮೋಳೇ’ ಒಂದನ್ನು ಬಿಟ್ಟು, ನನ್ನೂರಿನ ಕನ್ನಡದಲ್ಲೇ ಬರೆಯುತ್ತೇನೆ.

"ನನ್ನ ಅಮ್ಮನೂ ಇಲ್ಲೇ ಕೂತದ್ದು ಅಂತ ಹೇಳು ಮೋಳೇ. ನಮಗೆ ದೀಪ ಬೇಡ, ಗಾಜು ಬೇಡ. ಗಾಳಿ ಬರುವ ಈ ಜಗಲಿ ಒಂದು ಬಿಟ್ಟುಕೊಡಲಿಕ್ಕೆ ಹೇಳು."

ತಲೆತಲಾಂತರದಿಂದ ಮಾಡುತ್ತಿದ್ದಾರೆ ಎಂದರೆ ಸಾಕೆಂದು ಮಾಲೀಕರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ಒಂದಕ್ಷರ ಬಿಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ತಲೆಯಾಡಿಸುತ್ತ ಕೇಳಿದರು. ಬಾಗಿ ಒಂದು ಶುಂಠಿ ಎತ್ತಿ ಮೂಸಿದರು. ಎಷ್ಟು ಶುಚಿಯಾಗಿದೆ, ಹೀಗೇ ಮುಂದುವರಿಸಲು ಹೇಳಿ ಎಂದರು. ಸಮಿತಿಯವರು ಚಪ್ಪಾಳೆ ತಟ್ಟಿದರು.

"ಅವ ಎಂತ ಹೇಳಿದ?" ಎಂದು ಚೇಚಿ ನನ್ನ ಸೆರಗು ಜಗ್ಗಿದಳು. ಹೇಳಿದೆ.

"ಎಲ್ಲಿ ಕೂತು?" ಎಂದಳು.

ಅದನ್ನೂ ನಾನು ಇಂಗ್ಲಿಷಿನಲ್ಲಿ, ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಸಾಹೇಬರು ಆಗಲೇ ಪಕ್ಕದ ಅಂಗಡಿಯ ರಿಬ್ಬನ್ ಕತ್ತರಿಸುತ್ತಿದ್ದರು.