ದುಮ್ಮವಾಡದ ರೇಣವ್ವನ ಕೈ

ಕಲಘಟಗಿಗೆ ನರ್ಸ್ ಆಗಿ ಬಂದ ಮೂರನೆಯ ದಿನ, ತುರ್ತು ಚಿಕಿತ್ಸೆಯ ಕೋಣೆಗೆ ಮೊಣಕೈವರೆಗೂ ಕಡುನೀಲಿಯಾಗಿದ್ದ ಕೈಯೊಂದು ಬಂತು. ದುಮ್ಮವಾಡದ ರೇಣವ್ವನದು. ಬೆಲ್ಲದ ಕೊಪ್ಪರಿಗೆಯ ಕುದಿಪಾಕ ಸಿಡಿದಿತ್ತು. ಅತ್ತೆ ಗಂಗವ್ವ ಅದರ ಮೇಲೆ ಶಾಯಿ ಸುರಿದಿದ್ದಳು.

“ತಂಪ ಆಗ್ತೈತಂತ ಹಾಕೇನ್ರಿ,” ಎಂದಳು.

ಮಂಡ್ಯ ಸೀಮೆಯ ನಮ್ಮೂರಲ್ಲೂ ಆಲೆಮನೆಗಳಿವೆ. ಅಲ್ಲಿ ಟೂತ್‌ಪೇಸ್ಟ್ ಮೆತ್ತುತ್ತಾರೆ. ಎರಡೂ ತಪ್ಪೇ. ಕೈಯನ್ನು ನಲ್ಲಿಯ ಕೆಳಗೆ ಹಿಡಿದೆ. ಇಪ್ಪತ್ತು ನಿಮಿಷ ನೀರು ಹರಿಯಬೇಕು. ಅಷ್ಟರಲ್ಲೇ ಕೈ ಊದುತ್ತಿತ್ತು, ಹಸಿರು ಗಾಜಿನ ಬಳೆಗಳು ಚರ್ಮಕ್ಕೆ ಕಚ್ಚಿಕೊಳ್ಳುತ್ತಿದ್ದವು. ಹಾಗೇ ಬಿಟ್ಟರೆ ಬೆರಳುಗಳಿಗೆ ರಕ್ತ ಹರಿಯುವುದಿಲ್ಲ.

“ಬಳೆ ಒಡೀಬೇಕು,” ಎಂದೆ.

ಗಂಗವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. “ಮುತ್ತೈದಿ ಬಳಿ ಒಡೀಬ್ಯಾಡ್ರಿ. ನನ್ನ ಮಗ ಗಟ್ಟಿಮುಟ್ಟ ಅದಾನ.”

ನನ್ನ ಅಮ್ಮನೂ ಇದನ್ನೇ ಹೇಳುತ್ತಿದ್ದಳು. ಹಲ್ಲು ಕಚ್ಚಿ ನಿಂತಿದ್ದ ರೇಣವ್ವನೇ ಮಾತಾಡಿದಳು: “ಬಿಡ್ರಿ ಅತ್ತಿ. ನಿಮ್ಮ ಮಗಗ ರೊಟ್ಟಿ ಬಡಿಯಾಕ ಈ ಕೈನ ಬೇಕಲ್ಲ.”

ಹಿಡಿತ ಸಡಿಲವಾಯಿತು. ಬಳೆಗಳ ಕೆಳಗೆ ಬಟ್ಟೆ ತೂರಿಸಿ ಒಂದೊಂದಾಗಿ ಮುರಿದೆ. ಗಂಗವ್ವ ಚೂರುಗಳನ್ನೆಲ್ಲ ಆಯ್ದು ಸೆರಗಿಗೆ ಕಟ್ಟಿಕೊಂಡಳು. ಕೈಗೆ ಶುಭ್ರ ಬಟ್ಟೆ ಹೊದಿಸಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಕಳಿಸಿದೆವು.

ಹುಬ್ಬಳ್ಳಿಯಿಂದ ಮರಳಿದ ಮೇಲೆ ರೇಣವ್ವ ಡ್ರೆಸಿಂಗ್‌ಗೆ ನನ್ನ ಬಳಿಯೇ ಬರತೊಡಗಿದಳು. ಜೊತೆಗೆ ಬರುತ್ತಿದ್ದ ಗಂಗವ್ವ ನನ್ನ ಮಾತು ತಿದ್ದುತ್ತಿದ್ದಳು. ನಮ್ಮಲ್ಲಿ ಆರಾಮ ಎಂದರೆ ವಿಶ್ರಾಂತಿ, ಇಲ್ಲಿ ಆರೋಗ್ಯ. “ಆರಾಮಿಲ್ರಿ” ಎಂದವರಿಗೆಲ್ಲ ನಾನು “ಹಾಗಾದ್ರೆ ಮಲ್ಕೊಳ್ಳಿ” ಎನ್ನುತ್ತಿದ್ದೆ.

ಸಂಜೆಗಳು ಮಾತ್ರ ಕಷ್ಟ. ಬಸ್‌ಸ್ಟ್ಯಾಂಡ್ ಹಿಂದಿನ ಬಾಡಿಗೆ ಕೋಣೆಗೆ ಕಂಡಕ್ಟರನ “ಹುಬ್ಬಳ್ಳಿ, ಹುಬ್ಬಳ್ಳಿ” ಕೇಳಿಸಿದಾಗಲೆಲ್ಲ ಚೀಲ ಹಿಡಿದು ಹತ್ತಿ ಊರಿಗೆ ಹೋಗಿಬಿಡೋಣ ಅನ್ನಿಸುತ್ತಿತ್ತು. ಕಟಿ ರೊಟ್ಟಿ, ಅಂದರೆ ಒಣಗಿಸಿಟ್ಟ ಜೋಳದ ರೊಟ್ಟಿ, ಮುರಿಯುವಾಗ ಬೆರಳುಗಳು ಮುದ್ದೆಯ ಬಿಸಿ ಹುಡುಕುತ್ತಿದ್ದವು. ದಿನ ಎಣಿಸಿ ಎಣಿಸಿ ಕೊನೆಗೆ ರಜೆ ಸಿಕ್ಕಿತು.

ಊರಿಗೆ ಬಂದು ಎರಡು ದಿನವಾಗಿತ್ತು. ಅಮ್ಮ ಬಸ್ಸಾರು ಬಡಿಸುತ್ತಿದ್ದಳು. ರೇಣವ್ವನ ಫೋನ್ ಬಂತು.

“ಬೆರಳ ಮಡಚಾಕ ಬರ್ತಾವ್ರಿ ಸಿಸ್ಟರ್, ಐದೂ. ನೀವು ಊರಿಗೆ ಯಾವಾಗ ಬರ್ತೀರಿ?”

ಊರಲ್ಲೇ ಇದ್ದೆ, ಹುಟ್ಟಿದ ಮನೆಯ ನೆಲದ ಮೇಲೆ ಕೂತು ಉಣ್ಣುತ್ತಿದ್ದೆ. ಆದರೂ ಯೋಚಿಸದೆಯೇ ಬಾಯಿಗೆ ಬಂತು: “ಸೋಮವಾರ ಊರಿಗೆ ಬರ್ತೀನ್ರಿ.”

ಅಮ್ಮ ಸೌಟು ಹಿಡಿದು ಹಾಗೇ ನಿಂತಳು. ಆಮೇಲೆ ಕೇಳದೆಯೇ ಇನ್ನೊಂದು ಸೌಟು ಹಾಕಿದಳು.