ಹರಿಶ್ಚಂದ್ರನ ಕತ್ತಿ

ಫೋನು ರಿಂಗಾದ ಕೂಡಲೇ ಬಿಬವೇವಾಡಿಯ ಹೊಳಬಸಪ್ಪ ಕುಂಚ ಕೆಳಗಿಟ್ಟು, ಎದುರಿನ ಹರಿಶ್ಚಂದ್ರನ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಸತ್ಯ ಹರಿಶ್ಚಂದ್ರನ ಮುಂದೆ ಸುಳ್ಳು ಹೇಳಲು ಅವರಿಗೆ ಬಾಯಿ ಬರುವುದಿಲ್ಲ. "ಬಣ್ಣ ಇನ್ನೂ ಒಣಗಿಲ್ರಿ" ಎಂಬುದು ಗಿರಾಕಿಗಳಿಗೆ ಖಾಯಂ ಉತ್ತರ, ಏಪ್ರಿಲ್ ಬಿಸಿಲಿನಲ್ಲೂ ಅದೇ. ಹಳೆಯ ಪುರಾಣಚಿತ್ರಗಳನ್ನು ಕೈಯಿಂದಲೇ ನಕಲು ಮಾಡಿಕೊಡುವ ಇವರು ಕೂತಲ್ಲಿ ಕೂರುವವರಲ್ಲ: ಇನ್ನೊಂದು ಚಿತ್ರದ ಶ್ರವಣನ ಕಾವಡಿಗೆ ಒಂದು ಗೆರೆ, ಬಾಗಿಲಾಚೆ ಒಂದು ಸುತ್ತು, ಮತ್ತೆ ಚಹಾ. "ಸುಡುಗಾಡ ಕಾಯೋ ಹರಿಶ್ಚಂದ್ರನೂ ಇಷ್ಟ ತಿರುಗಾಡಿರಲಿಕ್ಕಿಲ್ರಿ" ಎನ್ನುತ್ತಾರೆ ಹೆಂಡತಿ ಕಲ್ಲವ್ವ. ತಾರಾಮತಿಯ ತಲೆ ಕಡಿಯಲು ದೊರೆ ಎತ್ತಿದ ಕತ್ತಿಯನ್ನಂತೂ ಅವರು ಒರೆಸಿ ಒರೆಸಿ ಬರೆಯುತ್ತಿದ್ದಾರೆ. ಈಚೆಗೆ ಕೈ ನಡುಗುತ್ತದೆ, ಅಂಚು ನೆಟ್ಟಗೆ ಬರುವುದಿಲ್ಲ. ಇದು ಹೊರಗೆ ತಿಳಿದರೆ ಕೆಲಸ ಬರುವುದು ನಿಂತಂತೆಯೇ. ಇವತ್ತು ಧನಕವಡಿಯ ಗಿರಾಕಿ ಮಿಥುನ ಫೋನು ಮಾಡದೆ ನೇರವಾಗಿ ಬಂದುಬಿಟ್ಟ. ಚಿತ್ರ ತಿರುಗಿಸಲು ಹೊತ್ತು ಸಿಗಲಿಲ್ಲ. "ಕೈ ನಡಗತದ್ರಿ. ಕತ್ತಿ ಸೊಟ್ಟ ಆಗೇದ" ಎಂದರು ಹೊಳಬಸಪ್ಪ. ಮಿಥುನ ಬಗ್ಗಿ ಕತ್ತಿಯ ಅಂಚು ನೋಡಿದ. "ಹೆಂಡ್ತಿ ಮೇಲೆ ಕತ್ತಿ ಎತ್ತೋವಾಗ ಕೈ ನಡುಗಲ್ವಾ ಅಂಕಲ್? ಹಿಂಗೇ ಇರ್ಲಿ." ನಾಳೆ ಚಿತ್ರ ಚೌಕಟ್ಟಿಗೆ ಹೋಗುತ್ತದೆ.