ಗರಗಸದ ಇನ್ನೊಂದು ಹಿಡಿ

ನಮ್ಮ ಯಜಮಾನರು ಮರ ಕೊಯ್ಯುವವರು. ಯಂತ್ರ ಬರುವ ಮೊದಲು ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಇಟ್ಟು, ಎರಡು ಹಿಡಿಯ ಉದ್ದನೆ ಗರಗಸದಲ್ಲಿ ಇಬ್ಬರು ಸೇರಿ ಹಲಗೆ ಕೊಯ್ಯುತ್ತಿದ್ದರು. ಒಬ್ಬ ದಿಮ್ಮಿಯ ಮೇಲೆ ನಿಂತು ಇದ್ದಲಿನ ಗೆರೆ ನೋಡಿಕೊಳ್ಳಬೇಕು. ಇನ್ನೊಬ್ಬ ಗುಂಡಿಯೊಳಗೆ ನಿಂತು ಎಳೆಯಬೇಕು. ಕೆಳಗಿನವನಿಗೆ ಗೆರೆ ಕಾಣುವುದಿಲ್ಲ, ಮೇಲಿನವನನ್ನು ನಂಬಿ ಎಳೆಯುವುದಷ್ಟೇ. ಪುಡಿಯೆಲ್ಲ ಅವನ ಕಣ್ಣಿಗೇ.

ನಮ್ಮವರು ಮದುವೆಗೆ ಮುಂಚಿನಿಂದಲೂ ಕೆಳಗಿನವರು. ಮೇಲೆ ಅವರ ಗೆಳೆಯ. ಬಿದಿರಿನ ಗಳದ ಹಾಗೆ ಉದ್ದವಿದ್ದ ಅವನನ್ನು ಎಲ್ಲರೂ ಉದ್ದಣ್ಣ ಅನ್ನುತ್ತಿದ್ದರು. ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ಊಟ ಒಯ್ದಾಗ ಒಮ್ಮೆ ಕೇಳಿಸಿಕೊಂಡದ್ದು ಹೀಗೆ:

“ಲೋ, ದೇವರು ನಮ್ಮನ್ನ ಯಾಕೆ ಹುಟ್ಟಿಸಿದ ಹೇಳು ನೋಡೋಣ?”

“ನಿನ್ನ ಬಾಯಿ ಸಹಿಸ್ಕೊಳ್ಳೋಕೆ ನನ್ನ ಹುಟ್ಟಿಸಿದ. ನಿನ್ನ ಯಾಕೆ ಅಂತ ಅವನನ್ನೇ ಕೇಳು.”

“ತಮಾಷೆ ಸಾಕು, ನಿಜ ಹೇಳೋ.”

ನಮ್ಮವರು ಕಣ್ಣುಜ್ಜಿಕೊಂಡರು. “ಒಬ್ಬನೇ ಎಳೆದ್ರೆ ಗರಗಸ ಕೊಯ್ಯಲ್ಲ. ಇನ್ನೊಂದು ಹಿಡಿ ಹಿಡಿಯೋಕೆ ಒಬ್ಬ ಬೇಕು. ಅದಕ್ಕೇ ಹುಟ್ಟಿರೋದು. ಬೇರೇನಿದೆ?”

“ಓಹೋ, ಗುಂಡಿ ಸ್ವಾಮಿಗಳು!” ಅಂತ ಉದ್ದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಮ್ಮವರು ನಗಲಿಲ್ಲ. ಅದು ಅವರಿಗೆ ಮಾತಲ್ಲ, ಬದುಕು.

ಆಮೇಲೆ ಊರಾಚೆ ಯಂತ್ರದಲ್ಲಿ ಮರ ಕೊಯ್ಯುವ ಸಾಮಿಲ್ ಬಂತು. ಅಲ್ಲಿ ಕೆಲಸಕ್ಕೆ ಜನ ಬೇಕು ಅಂತ ಸುದ್ದಿಯಿತ್ತು. ಒಂದು ಸಂಜೆ ಅರ್ಧ ಕೊಯ್ದ ದಿಮ್ಮಿಯಲ್ಲೇ ಗರಗಸ ಬಿಟ್ಟು, “ನಾಳೆ ಇದನ್ನ ಮುಗಿಸೇಬಿಡೋಣ” ಅಂದು ಉದ್ದಣ್ಣ ಹೊರಟ. ಮಾರನೆಯ ದಿನ ಮಧ್ಯಾಹ್ನ ನಾನು ಹೋದರೆ, ನಮ್ಮವರು ಗುಂಡಿಯಲ್ಲಿ ಕೆಳಗಿನ ಹಿಡಿ ಹಿಡಿದು ನಿಂತಿದ್ದಾರೆ. ಮೇಲೆ ಯಾರೂ ಇಲ್ಲ.

“ಬರ್ತಾನೆ ಬಿಡೇ, ಏನೋ ತಡ ಆಗಿರಬೇಕು.”

ನನಗೆ ತಡೆಯಲಾಗಲಿಲ್ಲ. ಸಾಮಿಲ್‌ಗೆ ನಡೆದೆ. ಹೊಸ ಅಂಗಿ ಹಾಕಿಕೊಂಡು ಉದ್ದಣ್ಣ ಯಂತ್ರದ ಪಕ್ಕ ನಿಂತಿದ್ದ.

“ಅತ್ತಿಗೆ, ಇಬ್ಬರಿಗೆ ಜಾಗ ಇತ್ತು. ಅವನ ಹೆಸರೂ ಬಂತು. ಅವನಿಗೆ ಕಣ್ಣು ಮಂಜು, ಯಂತ್ರಕ್ಕೆ ಕೈ ಸಿಕ್ಕಿಸ್ಕೊಂಡಾನು ಅಂತ ನಾನೇ ಬೇಡ ಅಂದೆ. ಅವನ ಒಳ್ಳೇದಕ್ಕೇ.”

“ಮತ್ತೆ ಆ ಜಾಗ ಯಾರಿಗೆ?”

“ನನ್ನ ಭಾವಮೈದನಿಗೆ,” ಅಂತ ನೆಲ ನೋಡಿದ.

“ಆ ಕಣ್ಣಿಗೆ ಪುಡಿ ಬೀಳಿಸ್ದೋರು ಯಾರು ಉದ್ದಣ್ಣ?” ಅಂದೆ. ಯಂತ್ರದ ಸದ್ದಿಗೆ ಕೇಳಿಸಲಿಲ್ಲವೇನೋ ಎಂಬಂತೆ ಕಿವಿ ಮುಟ್ಟಿ ತೋರಿಸಿದ.

ಇದ್ದದ್ದು ಇದ್ದ ಹಾಗೆ ನಮ್ಮವರಿಗೆ ಹೇಳಿದೆ. ಬೈಯಲಿಲ್ಲ, ಅಳಲಿಲ್ಲ. ಮತ್ತೆ ಗರಗಸ ಮುಟ್ಟಲಿಲ್ಲ ಅಷ್ಟೇ. ಕಣ್ಣು ಮಬ್ಬಾಗುತ್ತಾ ಹೋಯಿತು. ಕೈಯಲ್ಲೇ ತಡವಿ ಗುದ್ದಲಿಗೆ, ಕೊಡಲಿಗೆ ಹಿಡಿ ಮಾಡತೊಡಗಿದರು. ಮರ ಆರಿಸಿ ತರುವವಳು ನಾನು, ಮಾರಿ ಬರುವವಳೂ ನಾನು. ದಿನಾ ಸಂಜೆ ನೀರು ಕಾಯಿಸಿ ಉಗುರುಬೆಚ್ಚಗೆ ಆರಿಸಿ, ಮೆತ್ತನೆ ಬಟ್ಟೆ ಅದ್ದಿ ಅವರ ಕಣ್ಣು ತೊಳೆಯುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಉದ್ದಣ್ಣ ಬಾಗಿಲಿಗೆ ಬಂದ. ಸಾಮಿಲ್‌ನವರು ಅವನನ್ನು ಕೆಲಸದಿಂದ ಬಿಡಿಸಿದ್ದರು. “ಲೋ, ಹಳೇ ಗರಗಸ ಇಟ್ಟಿದ್ದೀಯಾ? ಈ ಸಲ ನೀನು ಮೇಲೆ ನಿಂತ್ಕೋ, ನಾನು ಗುಂಡಿಗಿಳೀತೀನಿ.”

“ಮೇಲೆ ನಿಲ್ಲೋಕೆ ಕಣ್ಣು ಬೇಕಲ್ಲಪ್ಪ” ಅಂದರು ನಮ್ಮವರು. ಅವನು ಬಂದ ದಾರಿಯಲ್ಲೇ ಹೋದ.

ಆ ಸಂಜೆ ಕಣ್ಣು ತೊಳೆಯುತ್ತಿದ್ದಾಗ ಅಂದರು, “ನನ್ನ ಬಾಳು ದಂಡ ಆಯ್ತು ಕಣೇ. ಜನ್ಮವೆಲ್ಲ ಒಂದು ಹಿಡಿ ಹಿಡ್ಕೊಂಡೇ ಇದ್ದೆ. ಇನ್ನೊಂದು ಕಡೆ ಯಾರೂ ಇರಲೇ ಇಲ್ಲ.”

ಬಟ್ಟೆ ನನ್ನ ಕೈಯಲ್ಲೇ ನಿಂತಿತು. “ಹಾಗಾದ್ರೆ ಇಷ್ಟು ವರ್ಷ ನಾನೇನು ಹಿಡ್ಕೊಂಡಿದ್ದೆ ರೀ?”

ಮುಖ ನನ್ನ ದನಿಯ ಕಡೆ ತಿರುಗಿತು. “ನೀರು ತಣ್ಣಗಾಯ್ತು” ಅಂದರು.

ಉದ್ದಣ್ಣ ಹೊಟ್ಟೆಪಾಡಿಗಾಗಿ ಮೋಸ ಮಾಡಿದ, ಅದು ಅರ್ಥವಾಗುತ್ತದೆ. ‘ಯಾರೂ ಇರಲೇ ಇಲ್ಲ’ ಅಂದ ನಮ್ಮವರ ಮಾತು ಮಾತ್ರ ಅವರು ತೀರಿಹೋದ ಮೇಲೂ ನನ್ನ ಗಂಟಲಿಳಿದಿಲ್ಲ. ಆವತ್ತು ಒಂದು ಕಣ್ಣು ತೊಳೆದಾಗಿತ್ತು. ಇನ್ನೊಂದನ್ನು ಹಾಗೇ ಬಿಟ್ಟು ಎದ್ದುಬಿಡೋಣ ಅನ್ನಿಸಿತು.

ಒಳಗೆ ಹೋಗಿ ಬೇರೆ ನೀರು ಕಾಯಲು ಇಟ್ಟೆ.